ಛೇಂಬರಿನಿಂದ ಮ್ಯಾನ್‌ಹೋಲ್‌ವರೆಗಿನ 22 ಅಡಿ ಯಾರದು? ನಮ್ಮ ಶಾಸಕರಿಗೆ ಒಂದು ಬಹಿರಂಗ ಪತ್ರ

ನಮ್ಮ ಕ್ಷೇತ್ರದ ಮಾನ್ಯ ಶಾಸಕರಿಗೆ,

ಗೌರವಪೂರ್ವಕ ನಮಸ್ಕಾರಗಳು.

ನಾನು ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿ ನಲವತ್ತು ವರ್ಷಗಳಿಂದ ವಾಸವಾಗಿರುವ ನಿವೃತ್ತ ಶಿಕ್ಷಕಿ. ಮನೆಯ ಒಳಚರಂಡಿ ಪೈಪಿನಲ್ಲಿ ಮರದ ಬೇರು ಬೆಳೆಯುವ ಸಂಗತಿಯನ್ನು ಶಾಸಕರವರೆಗೆ ಒಯ್ಯಬೇಕೇ ಎಂದು ಮನೆಯವರೇ ಕೇಳಿದರು. ಇಂಥ ಕಷ್ಟವನ್ನು ಹೇಳಿಕೊಳ್ಳಲು ಮೊದಲು ವಾರ್ಡಿನ ಸದಸ್ಯರಿದ್ದರು. 2023ರ ನವೆಂಬರ್‌ನಲ್ಲಿ ಪಾಲಿಕೆಯ ಚುನಾಯಿತ ಮಂಡಳಿಯ ಅವಧಿ ಮುಗಿದ ಮೇಲೆ, ನಾವು ಮತ ಹಾಕಿ ಆರಿಸಿದವರೆಂದು ಹತ್ತಿರದಲ್ಲಿ ಉಳಿದಿರುವವರು ತಾವೇ. ಅಲ್ಲದೆ ನಮ್ಮ ಬೀದಿಗೆ ಹೊಸದಾಗಿ ಡಾಂಬರು ಹಾಕುವ ಕೆಲಸ ಸದ್ಯದಲ್ಲೇ ಆರಂಭವಾಗಲಿದೆ ಎಂದು ತಿಳಿದುಬಂದಿದೆ. ಅದಕ್ಕೆ ಮುಂಚೆ ಈ ಮಾತು ತಮ್ಮ ಕಿವಿಗೆ ಬೀಳಲೇಬೇಕು ಎಂಬ ಕಾರಣಕ್ಕೆ ಬಹಿರಂಗವಾಗಿ ಬರೆಯುತ್ತಿದ್ದೇನೆ.

ಕಳೆದ ದಸರೆಗೆ ಮನೆ ತುಂಬ ನೆಂಟರಿದ್ದರು. ಆಯುಧಪೂಜೆಯ ಬೆಳಿಗ್ಗೆ ಬಚ್ಚಲಿನ ನೀರು ಇಳಿಯುವ ನಹನಿ ಟ್ರ್ಯಾಪಿನಲ್ಲಿ ಗುಳುಗುಳು ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆಲ್ಲ ಇಳಿಯಬೇಕಾದ ನೀರು ಮೇಲಕ್ಕೆ ಬಂದು, ಎಂಬತ್ತಾರು ವರ್ಷದ ನಮ್ಮ ಅತ್ತೆಯವರ ಕೋಣೆಯ ಹೊಸ್ತಿಲವರೆಗೆ ಹರಿಯಿತು. ಅಂಗಳದ ಛೇಂಬರಿನ, ಎಂದರೆ ಒಳಚರಂಡಿ ಪೈಪನ್ನು ತೆರೆದು ನೋಡಲು ಕಟ್ಟಿದ ಇಟ್ಟಿಗೆಯ ಗುಂಡಿಯ, ಮುಚ್ಚಳ ಎತ್ತಿದರೆ ಕೊಳಚೆ ಕಂಠಮಟ್ಟ ತುಂಬಿ ನಿಂತಿತ್ತು. ಹಬ್ಬದ ದಿನವಾದರೂ ಕರೆದೊಡನೆ ಬಂದ ಪ್ಲಂಬರ್ ಬಿದಿರಿನ ದಬ್ಬೆಯನ್ನು ಬೀದಿಯ ಕಡೆಗೆ ತಳ್ಳುತ್ತ ಹೋದರು. ಹದಿನಾಲ್ಕು ಅಡಿಯ ಹತ್ತಿರ ಅದು ಮೆತ್ತಗಿನ ಯಾವುದಕ್ಕೋ ಸಿಕ್ಕಿ ನಿಂತಿತು. ‘ಕಲ್ಲಲ್ಲ ಮೇಡಂ, ಬೇರು’ ಎಂದರು. ದಬ್ಬೆಯ ತುದಿಗೆ ತಂತಿಯ ಕೊಕ್ಕೆ ಕಟ್ಟಿ ಎರಡು ಗಂಟೆ ಎಳೆದಾಡಿದ ಮೇಲೆ ಹೊರಬಂದದ್ದು ಮೂರು ಅಡಿ ಉದ್ದದ, ಪೈಪಿನ ಅಚ್ಚಿಗೆ ಸರಿಯಾಗಿ ದುಂಡಗೆ ಬೆಳೆದ ಬೇರಿನ ಜಡೆ. ತೆಂಗಿನ ನಾರಿನ ಬಣ್ಣ, ತುದಿಯಲ್ಲಿ ಮಾತ್ರ ಬೆಳ್ಳಗಿನ ಎಳೆಗಳು. ಅವುಗಳ ನಡುವೆ ಅಡುಗೆಮನೆಯ ಜಿಡ್ಡು, ಕೂದಲು, ಅನ್ನದ ಅಗುಳು ಅಂಟಿಕೊಂಡು ಗಟ್ಟಿಯಾಗಿದ್ದವು. ನಲ್ಲಿಯ ಕೆಳಗಿಟ್ಟು ತೊಳೆದು ನೋಡಿದೆ. ಅಷ್ಟು ದೊಡ್ಡ ಜಡೆಗೆ ಮೂಲವಾದ ಬೇರು ಪೈಪಿನೊಳಗೆ ನುಸುಳಿದ ಜಾಗದಲ್ಲಿ ಊದಿನಕಡ್ಡಿಗಿಂತ ದಪ್ಪವಿರಲಿಲ್ಲ.

ಆ ಬೇರು ನಮ್ಮ ಮನೆಯ ಮುಂದಿನ ಪಾದಚಾರಿ ಮಾರ್ಗದಲ್ಲಿರುವ ಹೊಂಗೆ ಮರದ್ದು. ಮರದ ಮೇಲೆ ನನಗೆ ಕಿಂಚಿತ್ತೂ ಸಿಟ್ಟಿಲ್ಲ. ಗಟ್ಟಿಯಾದ ಪೈಪನ್ನು ಕೊರೆದು ಒಳನುಗ್ಗುವ ಶಕ್ತಿ ಯಾವ ಬೇರಿಗೂ ಇಲ್ಲ. ಬಿರುಕು ಬಿಟ್ಟ ಕೀಲಿನಿಂದ ತೇವ ಸೋರುತ್ತಿದ್ದರೆ ಸುತ್ತಲಿನ ಮಣ್ಣು ಹಸಿಯಾಗಿರುತ್ತದೆ. ಬೇಸಿಗೆಯಲ್ಲಿ ಮೇಲ್ಮಣ್ಣು ಒಣಗಿದಾಗ ಕೂದಲೆಳೆಯಷ್ಟು ಸಣ್ಣ ಬೇರು ಆ ಹಸಿಯನ್ನು ಅನುಸರಿಸಿ ಬಂದು ಬಿರುಕನ್ನು ಮುಟ್ಟುತ್ತದೆ. ಒಳಗೆ ನೀರು, ಗಾಳಿ, ಗೊಬ್ಬರ ಮೂರೂ ಒಟ್ಟಿಗೆ ಸಿಗುವುದರಿಂದ ಅಲ್ಲಿಯೇ ಕವಲೊಡೆದು ಹರಡುತ್ತದೆ, ದಪ್ಪವಾಗುತ್ತ ಅದೇ ಬಿರುಕನ್ನು ಇನ್ನಷ್ಟು ಅಗಲಿಸುತ್ತದೆ. ಎಂದರೆ ಬೇರು ಕಾಣಿಸಿಕೊಳ್ಳುವುದಕ್ಕೆ ಮೊದಲೇ ಪೈಪು ಕೆಟ್ಟಿರುತ್ತದೆ, ಅದರಿಂದ ಕೊಳಚೆ ನೆಲಕ್ಕೆ ಇಳಿಯುತ್ತಿರುತ್ತದೆ.

ನಮ್ಮ ಮನೆಯ ಪೈಪು ಆ ಕಾಲದ ಎಲ್ಲ ಮನೆಗಳಲ್ಲಿರುವಂತೆ ಸುಟ್ಟ ಜೇಡಿಮಣ್ಣಿನ, ಕಂದು ಗ್ಲೇಜಿನ ಸ್ಟೋನ್‌ವೇರ್ ಪೈಪು. ಎರಡೆರಡು ಅಡಿಯ ತುಂಡುಗಳು; ಒಂದರ ಅಗಲ ಬಾಯಿಗೆ ಇನ್ನೊಂದರ ತುದಿ ಕೂರಿಸಿ, ಸೆಣಬಿನ ಹುರಿ ತುರುಕಿ, ಸಿಮೆಂಟು ಗಾರೆ ಮೆತ್ತಿರುತ್ತಾರೆ. ನಮ್ಮ ಕೊನೆಯ ಛೇಂಬರಿನಿಂದ ಬೀದಿಯ ಮ್ಯಾನ್‌ಹೋಲ್‌ಗೆ 22 ಅಡಿ. ಅಷ್ಟರಲ್ಲಿ 11 ತುಂಡುಗಳು, ನಡುವೆ 10 ಕೀಲುಗಳು, ಇಟ್ಟಿಗೆ ಗೋಡೆಗೆ ಸೇರುವ ಎರಡು ತುದಿಗಳೂ ಸೇರಿದರೆ ಬೇರಿಗೆ 12 ಬಾಗಿಲುಗಳು. ಸ್ಟೋನ್‌ವೇರ್ ತಾನೇ ಕೆಟ್ಟ ಸರಕಲ್ಲ, ಅದು ನೂರು ವರ್ಷ ಬಾಳುವಂಥದ್ದು, ಸೋಲುವುದು ಗಾರೆ. ಮೇಲೆ ಲಾರಿ ಓಡಾಡಿ, ಕೇಬಲ್ಲಿನವರು ಅಗೆದು, ಮಣ್ಣು ಕುಸಿದಂತೆಲ್ಲ ಕೀಲು ಸಡಿಲವಾಗುತ್ತದೆ.

ಈ 22 ಅಡಿಯಲ್ಲಿ 4 ಅಡಿ ಮಾತ್ರ ನಮ್ಮ ಕಾಂಪೌಂಡಿನೊಳಗಿದೆ. ಉಳಿದ 18 ಅಡಿ ಸರ್ಕಾರಿ ಪಾದಚಾರಿ ಮಾರ್ಗದ, ಸರ್ಕಾರಿ ರಸ್ತೆಯ, ಸರ್ಕಾರಿ ಮರದ ಕೆಳಗಿದೆ. ಬೇರು ಹೊಕ್ಕಿರುವುದು ಆ 18 ಅಡಿಯಲ್ಲೇ. ದೂರು ಕೊಟ್ಟಾಗ ಒಂದು ಕಚೇರಿಯವರು ‘ಮ್ಯಾನ್‌ಹೋಲ್‌ನಿಂದ ಮುಂದಿನದು ನಮ್ಮದು, ಹಿಂದಿನದು ಮನೆಯವರದು’ ಎಂದರು. ನಾವೇ ರಿಪೇರಿ ಮಾಡಿಸುತ್ತೇವೆಂದು ಹೋದರೆ, ರಸ್ತೆ ಅಗೆಯಲು ಅನುಮತಿ ಬೇಕು, ಡಾಂಬರು ಕಿತ್ತದ್ದಕ್ಕೆ ಹಣ ಕಟ್ಟಬೇಕು ಎಂದು ಇನ್ನೊಂದು ಕಡೆ ಕಳುಹಿಸಿದರು. ಮರದ ಬೇರಿನ ಮಾತೆತ್ತಿದಾಗ ಮೂರನೆಯ ಕಚೇರಿಗೆ ಹೋಗಬೇಕಾಯಿತು. ಎಲ್ಲರೂ ಸೌಜನ್ಯದಿಂದಲೇ ಮಾತನಾಡಿದರು, ಅದನ್ನು ಹೇಳಲೇಬೇಕು. ಆದರೆ ಕೆಟ್ಟರೆ ಮನೆಯವರದು, ಮುಟ್ಟಹೋದರೆ ಸರ್ಕಾರದ್ದು ಎನ್ನುವಂತಾದರೆ ಅಂಥ ಪೈಪನ್ನು ಸರಿಪಡಿಸುವವರು ಯಾರು?

ಉತ್ತರವಿಲ್ಲದ ಕಾರಣ ಜನ ತಮಗೆ ತೋಚಿದ್ದನ್ನು ಮಾಡುತ್ತಿದ್ದಾರೆ. ಕೆಲವರು ಅಂಗಡಿಯಿಂದ ಮೈಲುತುತ್ತ (ತಾಮ್ರದ ಸಲ್ಫೇಟ್) ತಂದು ಕಮೋಡಿಗೆ ಸುರಿಯುತ್ತಾರೆ. ಅಡಿಕೆಗೆ ಬೋರ್ಡೋ ದ್ರಾವಣ ಹೊಡೆದು ಗೊತ್ತಿರುವ ಊರಿನವರಾದ್ದರಿಂದ ಅದು ನಮ್ಮ ಜನಕ್ಕೆ ಪರಿಚಿತ ವಸ್ತು. ಅದು ತಾಗಿದ ಬೇರು ಸುಡುವುದು ನಿಜ. ಆದರೆ ಹಾಗೆ ಹರಿದ ತಾಮ್ರ ವಿದ್ಯಾರಣ್ಯಪುರದ ಅಥವಾ ರಾಯನಕೆರೆಯ ಶುದ್ಧೀಕರಣ ಘಟಕವನ್ನು ಸೇರುತ್ತದೆ. ಅಲ್ಲಿ ಕೊಳಚೆಯನ್ನು ತಿಂದು ನೀರನ್ನು ತಿಳಿಗೊಳಿಸುವುದು ಬ್ಯಾಕ್ಟೀರಿಯಾ, ಅವುಗಳಿಗೂ ತಾಮ್ರ ವಿಷವೇ. ಇನ್ನು ಕೆಲವರು ಆಸಿಡ್ ಸುರಿದು ಗಾರೆಯ ಕೀಲನ್ನೇ ಕರಗಿಸಿಕೊಳ್ಳುತ್ತಾರೆ. ಸಾಕಾಗಿ ಹೋದವರು ರಾತ್ರೋರಾತ್ರಿ ಮನೆಯ ಪೈಪನ್ನು ಮಳೆನೀರಿನ ಚರಂಡಿಗೆ ತಿರುಗಿಸಿಬಿಡುತ್ತಾರೆ. ಆ ಚರಂಡಿಗಳ ನೀರು ಹೋಗಿ ಸೇರುವುದು ತಗ್ಗಿನ ಕೆರೆಗಳನ್ನು. ದಳವಾಯಿ ಕೆರೆ ಏನಾಗಿದೆ ಎಂಬುದನ್ನು ತಮಗೆ ನಾನು ವಿವರಿಸಬೇಕಾಗಿಲ್ಲ.

ಉಳಿದವರೆಲ್ಲ ಕೇಳುವುದು ಒಂದೇ, ಮರ ಕಡಿಸಿಕೊಡಿ ಎಂದು. ನನ್ನ ನಿಜವಾದ ಆತಂಕ ಇದೇ. ನಮ್ಮ ಬೀದಿಯ ಹೊಂಗೆಗೆ ಕೊಡಲಿ ಹಾಕಲು ಅರ್ಜಿ ಬರೆದಿದ್ದಾರೆ. ನನ್ನ ಸಹಿಯನ್ನೂ ಕೇಳಿದರು. ನಾನು ಹಾಕಲಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷಾಧಿಕಾರಿಯ ಅನುಮತಿಯಿಲ್ಲದೆ ಮರ ಕಡಿಯುವಂತಿಲ್ಲ. 2025ರ ಏಪ್ರಿಲ್‌ನಲ್ಲಿ ರಸ್ತೆ ಅಗಲಿಸಲೆಂದು ಹೈದರಾಲಿ ರಸ್ತೆಯ 40 ಮರಗಳನ್ನು ಕಡಿದಾಗ ಈ ಊರು ಎಷ್ಟು ನೊಂದಿತೆಂಬುದು ತಮಗೆ ತಿಳಿದಿದೆ. ಹೊಂಗೆ ಹೋದರೂ ಪೈಪಿನ ಆ 12 ಬಾಗಿಲುಗಳು ಹಾಗೆಯೇ ಇರುತ್ತವೆ; ಎದುರು ಸಾಲಿನ ಮಳೆಮರದ ಬೇರು ಬರುವವರೆಗೆ ಸ್ವಲ್ಪ ಬಿಡುವು ಸಿಗಬಹುದು, ಅಷ್ಟೇ. ಚಾಮರಾಜಪುರಂ, ಲಕ್ಷ್ಮೀಪುರಂ ಕಡೆ ಮನೆಗಳ ಹಿಂದಿನ ಕನ್ಸರ್ವೆನ್ಸಿ ಗಲ್ಲಿಗಳಲ್ಲಿ ಯಾರೂ ನೆಡದ ಅರಳಿ, ಅತ್ತಿ ಸಸಿಗಳು ಛೇಂಬರಿನ ಗೋಡೆಯಲ್ಲೇ ಹುಟ್ಟಿಕೊಂಡಿರುತ್ತವೆ. ಅವುಗಳನ್ನು ಬೆರಳುದ್ದ ಇರುವಾಗಲೇ ಕೀಳಬೇಕು. ಮೂವತ್ತು ವರ್ಷ ನೆರಳು ಕೊಟ್ಟ ಮರದ ಮಾತು ಬೇರೆ.

ಮತ್ತೊಂದು ಸಂಗತಿ ಇದಕ್ಕಿಂತ ಗಂಭೀರವಾದದ್ದು. ಬೇರು ಮನೆಯ ಪೈಪಿನಲ್ಲೇ ನಿಲ್ಲದೆ ಬೀದಿಯ ದೊಡ್ಡ ಪೈಪಿಗೂ ಮ್ಯಾನ್‌ಹೋಲ್‌ಗೂ ಹರಡುತ್ತದೆ. ಜೆಟ್ಟಿಂಗ್ ಯಂತ್ರದ ನೀರಿನ ಒತ್ತಡಕ್ಕೆ ಜಿಡ್ಡು, ಹೂಳು ಕದಲುತ್ತವೆ. ಬಲಿತ ಬೇರು ಬಗ್ಗಿ ಮತ್ತೆ ನೆಟ್ಟಗಾಗುತ್ತದೆ. ಆಗ ಯಾರಾದರೂ ‘ಒಳಗೆ ಇಳಿದು ಕತ್ತರಿಸು’ ಎನ್ನುತ್ತಾರೆ. ನಮ್ಮ ಬೀದಿಯಲ್ಲಿ ಒಬ್ಬ ಹುಡುಗ ಕುಡುಗೋಲು ಹಿಡಿದು ಇಳಿಯಲು ಸಿದ್ಧನಾಗಿದ್ದ. ನಾವು ಮೂವರು ಹೆಂಗಸರು ಅಡ್ಡ ನಿಂತು ಬಿಡಲಿಲ್ಲ. ಮಲಹೊರುವ ಪದ್ಧತಿಯನ್ನು ತಡೆಯುವ 2013ರ ಕಾಯ್ದೆ ರಕ್ಷಣಾ ಸಾಧನಗಳಿಲ್ಲದೆ ಯಾರನ್ನೂ ಒಳಚರಂಡಿಗೆ ಇಳಿಸುವುದನ್ನು ನಿಷೇಧಿಸಿದೆ. ಹೀಗೆ ಇಳಿದು ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಹೇಳಿದೆ. ಪರಿಹಾರದ ಮಾತು ಬರುವ ಹೊತ್ತಿಗೆ ಜೀವ ಹೋಗಿರುತ್ತದೆ. ಆ ಹುಡುಗನ ಮುಖ ನನ್ನ ಕಣ್ಣಿಗೆ ಕಟ್ಟಿದಂತಿದೆ.

ಆದ್ದರಿಂದ ನಾನು ಕೇಳುವುದರಲ್ಲಿ ಮೊದಲನೆಯದು, ಕಾಂಪೌಂಡಿನ ಗಡಿಯಿಂದ ಮ್ಯಾನ್‌ಹೋಲ್‌ವರೆಗೆ ರಸ್ತೆಯ ಕೆಳಗಿರುವ ಪೈಪು ಸಾರ್ವಜನಿಕ ಒಳಚರಂಡಿಯ ಭಾಗವೆಂದು ಲಿಖಿತವಾಗಿ ಒಪ್ಪಿಕೊಳ್ಳುವಂತೆ ತಾವು ಪಾಲಿಕೆಗೆ ಹೇಳಬೇಕು. ಕಾಂಪೌಂಡಿನೊಳಗಿನ ಪೈಪನ್ನು, ಛೇಂಬರುಗಳನ್ನು ನಾವು ನಮ್ಮ ಖರ್ಚಿನಲ್ಲೇ ಸರಿಪಡಿಸಿಕೊಳ್ಳುತ್ತೇವೆ. ಅಡುಗೆಮನೆಯ ಜಿಡ್ಡನ್ನೂ ತಾರಸಿಯ ಮಳೆನೀರನ್ನೂ ಒಳಚರಂಡಿಗೆ ಬಿಡಬಾರದೆಂಬ ಹೊಣೆಯೂ ನಮ್ಮದೇ. ಈ ಒಂದು ಗೆರೆ ಸ್ಪಷ್ಟವಾದರೆ ಉಳಿದದ್ದಕ್ಕೆಲ್ಲ ದಾರಿ ತಾನಾಗಿ ಸಿಗುತ್ತದೆ.

ಎರಡನೆಯದಾಗಿ, ಅಗೆಯುವ ಮೊದಲು ನೋಡುವ ವ್ಯವಸ್ಥೆ ಬೇಕು. ಪೈಪಿನೊಳಗೆ ತೂರಿಸುವ ಕ್ಯಾಮೆರಾ ಈಗ ಅಪರೂಪದ್ದಲ್ಲ. ಎಷ್ಟನೆಯ ಅಡಿಯಲ್ಲಿ ಬೇರಿದೆ, ಯಾವ ಕೀಲು ಬಾಯಿಬಿಟ್ಟಿದೆ ಎಂಬುದು ಅದರಲ್ಲಿ ನಿಚ್ಚಳವಾಗಿ ಕಾಣುತ್ತದೆ. ತಮ್ಮ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಯಿಂದಲೋ ಪಾಲಿಕೆಯ ಬಜೆಟ್‌ನಿಂದಲೋ ಕ್ಷೇತ್ರಕ್ಕೆ ಅಂಥದ್ದೊಂದು ಕ್ಯಾಮೆರಾ, ಜೆಟ್ಟಿಂಗ್ ಯಂತ್ರಕ್ಕೆ ಜೋಡಿಸುವ ಬೇರು ಕತ್ತರಿಸುವ ನಾಝಲ್ ಒದಗಿಸಿಕೊಡಿ. ಕತ್ತರಿಸಿದ ಬೇರು ಒಂದೆರಡು ವರ್ಷದಲ್ಲಿ ಮೊದಲಿಗಿಂತ ದಟ್ಟವಾಗಿ ಚಿಗುರುವುದರಿಂದ, ಕತ್ತರಿಸಿ ಕೈತೊಳೆದುಕೊಳ್ಳದೆ ಪ್ರತಿವರ್ಷ ಬೇಸಿಗೆಗೆ ಮುಂಚೆ ಅದೇ ಜಾಗವನ್ನು ಮತ್ತೆ ನೋಡುವ ಪಟ್ಟಿ ಇಡಬೇಕು.

ಇನ್ನು ಡಾಂಬರಿನ ವಿಷಯ. ಹಳೆಯ ಪೈಪಿನ ಮೇಲೆ ಹೊಸ ಡಾಂಬರು ಹಾಕಿ, ಆರು ತಿಂಗಳಿಗೆ ಅದನ್ನು ಮನೆಮನೆಯ ಮುಂದೆ ಅಗೆಯುವುದನ್ನು ನಾವು ಹಲವು ಸಲ ಕಂಡಿದ್ದೇವೆ. ಈ ಸಲ ರಸ್ತೆ ಕೀಳುವಾಗಲೇ ಸ್ಟೋನ್‌ವೇರ್ ತೆಗೆದು ಒಳಚರಂಡಿಗೆಂದೇ ತಯಾರಾದ ಪಿವಿಸಿ ಪೈಪು ಹಾಕಿಸಿಕೊಡಿ. ಉದ್ದನೆಯ ಪೈಪಾದ್ದರಿಂದ 22 ಅಡಿಗೆ ಒಂದೆರಡು ಕೀಲು ಸಾಕು. ಅಂಟು ಹಾಕಿ ಬಿಗಿದರೆ ಬೇರಿಗೆ ದಾರಿಯಿರುವುದಿಲ್ಲ. ಪಿವಿಸಿ ಎಂದ ಮಾತ್ರಕ್ಕೆ ಎಲ್ಲವೂ ಸರಿಹೋಗುವುದಿಲ್ಲ. ಕೆಳಗೆ ಮರಳಿನ ಹಾಸು ಇಲ್ಲದಿದ್ದರೆ ಪೈಪು ಬಾಗುತ್ತದೆ, ಛೇಂಬರಿನ ಇಟ್ಟಿಗೆ ಗೋಡೆಗೆ ಸೇರುವ ಜಾಗದಲ್ಲಿ ಗಾರೆ ಸರಿಯಾಗಿ ಕೂರದಿದ್ದರೆ ಬೇರು ಅಲ್ಲಿಂದಲೇ ಬರುತ್ತದೆ, 4 ಇಂಚಿನ ಪೈಪಿಗೆ 40 ಅಡಿಗೆ 1 ಅಡಿಯಂತೆ ಇಳಿಜಾರು ಇಲ್ಲದಿದ್ದರೆ ಕೊಳಚೆ ನಿಲ್ಲುತ್ತದೆ. ಮಣ್ಣು ಮುಚ್ಚುವ ಮೊದಲು ಎಂಜಿನಿಯರೊಬ್ಬರು ನಿಂತು ಇವನ್ನೆಲ್ಲ ಪರೀಕ್ಷಿಸಬೇಕು.

ಹೀಗೆ ಅಗೆಯುವಾಗ ಮರದ ಬುಡದ ಹತ್ತಿರ ಜೆಸಿಬಿ ತರಬೇಡಿ. ಬೇರಿನ ಬಹುಪಾಲು ಮೇಲಿನ ಎರಡು ಅಡಿ ಮಣ್ಣಿನಲ್ಲೇ ಹರಡಿರುತ್ತದೆ. ಒಂದು ಪಕ್ಕದ ದಪ್ಪ ಬೇರುಗಳನ್ನು ಕತ್ತರಿಸಿದ ಮರ ಮುಂದಿನ ಏಪ್ರಿಲ್-ಮೇ ತಿಂಗಳ ಗಾಳಿಮಳೆಗೆ ಯಾರದೋ ಮನೆಯ ಮೇಲೋ ಆಟೋ ಮೇಲೋ ಬೀಳುತ್ತದೆ. ಅಲ್ಲಿ ಹಾರೆ, ಗುದ್ದಲಿಯಲ್ಲಿ ಕೈಯಿಂದಲೇ ಅಗೆದು, ದಪ್ಪ ಬೇರಿನ ಅಡಿಯಿಂದ ಪೈಪು ತೂರಿಸಬಹುದು. ಬುಡದವರೆಗೆ ಕಾಂಕ್ರೀಟು ಮೆತ್ತುವುದೂ ನಿಲ್ಲಲಿ. ಮಳೆನೀರು ಇಳಿಯಲು ಜಾಗವಿಲ್ಲದ ಮರ ಸೋರುವ ಪೈಪನ್ನು ಹುಡುಕದೆ ಇನ್ನೇನು ಮಾಡೀತು? ಮರದ ಸುತ್ತ 1 ಮೀಟರ್ ಮಣ್ಣು ಬಿಡಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೆಹಲಿಯ ವಿಷಯದಲ್ಲಿ 2013ರಲ್ಲೇ ಆದೇಶಿಸಿದೆ. ಅದನ್ನು ನಮ್ಮಲ್ಲೂ ಪಾಲಿಸಲು ಯಾವ ಅಡ್ಡಿಯೂ ಇಲ್ಲ. ಹೊಸ ಬಡಾವಣೆಗಳಲ್ಲಿ ಗಿಡ ನೆಡಿಸುವಾಗ ಪೈಪು ಎಲ್ಲಿದೆ ಎಂದು ನಕ್ಷೆ ನೋಡಿ ನೆಡಿಸಲಿ. ಬೇಗ ಬೆಳೆಯುತ್ತದೆಂದು ಜನ ಬೇಲಿಗೆ ನೆಡುವ ಕೊನೊಕಾರ್ಪಸ್ ಗಿಡವನ್ನು ಗುಜರಾತ್ ಸರ್ಕಾರ 2023ರಲ್ಲಿ ನಿಷೇಧಿಸಿತು. ಅದರ ಬೇರು ಚರಂಡಿ, ಕೇಬಲ್ಲುಗಳನ್ನು ಕೆಡಿಸುವುದೂ ಅದಕ್ಕೆ ಒಂದು ಕಾರಣವಾಗಿತ್ತು.

ಮಾನ್ಯರೇ, 1903ರಲ್ಲಿಯೇ ನಗರ ಸುಧಾರಣೆಗೆಂದು ಒಂದು ಟ್ರಸ್ಟ್ ಬೋರ್ಡ್ ಕಂಡಿದ್ದ ಊರು ಇದು. ಸಾಲುಮರವನ್ನೂ ಚರಂಡಿಯನ್ನೂ ಒಟ್ಟಿಗೆ ಯೋಚಿಸುವುದು ಇಲ್ಲಿಗೆ ಹೊಸದಲ್ಲ. ಡಾಂಬರಿನ ಕೆಲಸ ಶುರುವಾಗುವ ಮೊದಲು ಒಂದು ಬೆಳಿಗ್ಗೆ ಎಂಜಿನಿಯರನ್ನೂ ವೃಕ್ಷಾಧಿಕಾರಿಯನ್ನೂ ಒಟ್ಟಿಗೆ ಕರೆದುಕೊಂಡು ನಮ್ಮ ಬೀದಿಗೆ ಬನ್ನಿ. ಇಬ್ಬರೂ ಒಂದೇ ಛೇಂಬರಿನ ಮುಂದೆ ನಿಂತು ಮಾತನಾಡಿದ್ದನ್ನು ನಾವು ಈವರೆಗೆ ನೋಡಿಲ್ಲ. ಹೊಂಗೆ ಕಡಿಸುವ ಅರ್ಜಿಗೆ ಸಹಿ ಹಾಕಿದ ಹದಿಮೂರು ಮನೆಯವರನ್ನೂ ನಾನು ಕರೆದಿರುತ್ತೇನೆ. ಪೈಪು ಬದಲಾಗುವುದಾದರೆ ಅರ್ಜಿಯನ್ನು ಹಿಂದಕ್ಕೆ ಪಡೆಯುತ್ತೇವೆಂದು ಅವರಲ್ಲಿ ಒಂಬತ್ತು ಮಂದಿ ಈಗಾಗಲೇ ನನಗೆ ಹೇಳಿದ್ದಾರೆ. ಬೇರಿನ ಆ ಜಡೆಯನ್ನು ತೊಳೆದು ಒಣಗಿಸಿ ಹಿತ್ತಲಲ್ಲಿ ಇಟ್ಟಿದ್ದೇನೆ, ತಾವು ಬಂದ ದಿನ ತೋರಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ತಮ್ಮ ಕ್ಷೇತ್ರದ ಮತದಾರಳು
ಮೈಸೂರು