ಬೇಜಾರೂ ಹೋಗಿಬಿಟ್ಟರೆ ಅಂತ ಕೇಳಿದ್ದೆಯಲ್ಲ

ಪುಟ್ಟಿ,

ನಿನ್ನ ಪತ್ರದ ಕೊನೆಯ ಸಾಲು ಓದಿದ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಜಾಝ್ ಟ್ರಂಪೆಟ್ ನುಡಿಸುತ್ತಿದ್ದ ಮೈಲ್ಸ್ ಡೇವಿಸ್ ಹೆಂಡತಿಗೆ ಹೊಡೆಯುತ್ತಿದ್ದ ಅಂತ ತಿಳಿದ ಮೇಲೂ ಅವನ 'ಕೈಂಡ್ ಆಫ್ ಬ್ಲೂ' ಆಲ್ಬಂ ಅಷ್ಟೇ ಚೆನ್ನಾಗಿ ಕೇಳಿಸಿತು, ಈಗ ಬೇಜಾರಾದರೂ ಆಗುತ್ತಿದೆ, ಇನ್ನಷ್ಟು ದಿನ ಹೋದರೆ ಅದೂ ಆಗುವುದಿಲ್ಲವೇನೋ ಅಂತ ಭಯ ಅಂದಿದ್ದೀಯ. ಮನೆ ಸುದ್ದಿಯೆಲ್ಲ ನಿಮ್ಮಮ್ಮ ಫೋನಿನಲ್ಲಿ ಹೇಳಿಯೇ ಇರುತ್ತಾಳೆ. ನಾನು ಇದೊಂದನ್ನೇ ಬರೆಯುತ್ತೇನೆ.

ಚೆನ್ನಾಗಿ ಕೇಳಿಸಿತು ಅಂತ ನಾಚಿಕೆ ಪಡಬೇಡ. ಅದು ಚೆನ್ನಾಗಿಯೇ ಇದೆ. 1959ರಲ್ಲಿ ನ್ಯೂಯಾರ್ಕಿನ ಹಳೇ ಚರ್ಚ್ ಕಟ್ಟಡದಲ್ಲಿದ್ದ ಸ್ಟುಡಿಯೋದಲ್ಲಿ, ಮಾರ್ಚ್‌ನಲ್ಲಿ ಒಂದು ದಿನ, ಏಪ್ರಿಲ್‌ನಲ್ಲಿ ಒಂದು ದಿನ ಕೂತು ಮುಗಿಸಿದ ಐದೇ ಐದು ಪೀಸು. ಪೂರ್ತಿ ಬರೆದಿಟ್ಟ ಸಂಗೀತ ಅಲ್ಲ, ಯಾವ ಸ್ವರಗಳ ಮೇಲೆ ನುಡಿಸಬೇಕು ಅಂತ ಮೈಲ್ಸ್ ಗುರುತು ಹಾಕಿಕೊಟ್ಟಿದ್ದ, ಉಳಿದದ್ದು ಅಲ್ಲೇ ಹುಟ್ಟಿದ್ದು. ಆಲಾಪನೆ ಕೇಳಿ ಬೆಳೆದ ನಮ್ಮ ಕಿವಿಗೆ ಅದು ಬೇಗ ಹತ್ತಿರವಾಗುವುದು ಇದಕ್ಕೇ ಇರಬೇಕು. 'ಸೋ ವಾಟ್' ಶುರುವಿನಲ್ಲಿ ಪಾಲ್ ಚೇಂಬರ್ಸ್‌ನ ಬಾಸ್, ಆ ದಪ್ಪ ದನಿಯ ತಂತಿವಾದ್ಯ, ಏನೋ ಕೇಳುತ್ತದೆ, ಬಿಲ್ ಇವಾನ್ಸ್ ಪಿಯಾನೋದಲ್ಲಿ ಚಿಕ್ಕದಾಗಿ ಉತ್ತರ ಕೊಡುತ್ತಾನೆ, ಗಮನಿಸಿದೆಯಾ? ಸ್ಯಾಕ್ಸೊಫೋನಿಗೆ ಕೋಲ್ಟ್ರೇನ್ ಇದ್ದಾನೆ, ಕ್ಯಾನನ್‌ಬಾಲ್ ಆಡರ್ಲಿ ಇದ್ದಾನೆ. ಒಟ್ಟು ಏಳು ಜನರ ಕೆಲಸ ಅದು.

ಆದರೆ ನೀನು ಕೇಳಿದ್ದು ಇದನ್ನಲ್ಲ, ಗೊತ್ತು. ಬೇಜಾರು ಹೋಗಿಬಿಡುತ್ತಾ ಅಂತ ಕೇಳಿದೆ. ಹೋಗುತ್ತದೆ ಪುಟ್ಟಿ. ಸುಳ್ಳು ಹೇಳಲಾರೆ.

ನಾನು ಪಿಟೀಲು ಕಲಿಯುತ್ತಿದ್ದ ಮೇಷ್ಟ್ರು ತೋಡಿ ನುಡಿಸಿದರೆ ಬೀದಿಯಲ್ಲಿ ಹೋಗುವವರು ಸೈಕಲ್ ಇಳಿದು ನಿಲ್ಲುತ್ತಿದ್ದರು. ಅವರ ಹೆಂಡತಿ ನಮಗೆಲ್ಲ ಕಾಫಿ ತಂದಿಡುವಾಗ ಸೆರಗನ್ನು ಕೈ ಮೇಲೆ ಎಳೆದುಕೊಂಡಿರುತ್ತಿದ್ದರು. ಒಂದು ದಿನ ಲೋಟ ತೆಗೆಯುವಾಗ ಸೆರಗು ಜಾರಿತು. ಮಣಿಕಟ್ಟಿನ ಮೇಲೆ ನಾಲ್ಕು ಬೆರಳಿನ ಗುರುತು, ಹಳೇದು, ಹಸಿರುಗಟ್ಟಿತ್ತು. ಅವತ್ತು ನನಗೆ ಕಮಾನು ಹಿಡಿಯಲು ಆಗಲಿಲ್ಲ. ಮುಂದಿನ ಪಾಠಕ್ಕೆ ಹಿಡಿದೆ. ಆಮೇಲಾಮೇಲೆ ಒಳಗಿನಿಂದ ಸದ್ದು ಬಂದರೂ ನಾವ್ಯಾರೂ ವರ್ಣ ನುಡಿಸುವುದನ್ನು ನಿಲ್ಲಿಸುತ್ತಿರಲಿಲ್ಲ. ದೊಡ್ಡವರಿಗೂ ಗೊತ್ತಿತ್ತು, 'ವಿದ್ವಾಂಸರಿಗೆ ಸಿಟ್ಟು ಜಾಸ್ತಿ' ಅಂದು ಸುಮ್ಮನಾಗುತ್ತಿದ್ದರು. ಆಕೆ ತೀರಿಕೊಂಡಾಗ ಪೇಪರಿನಲ್ಲಿ ಬಂದದ್ದೂ ಇಂಥವರ ಪತ್ನಿ ಅಂತಲೇ. ಅವರ ಹೆಸರೇನು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಈಗ ಕೇಳೋಣ ಅಂದರೆ ಆ ಮನೆಯಲ್ಲಿ ಯಾರೂ ಉಳಿದಿಲ್ಲ. ಇದು ನನ್ನನ್ನು ಕೊರೆಯುವಷ್ಟು ಬೇರೆ ಯಾವುದೂ ಕೊರೆಯುವುದಿಲ್ಲ.

ನಿನ್ನ ಪತ್ರದಲ್ಲೂ 'ಅವನ ಹೆಂಡತಿ' ಅಂತಷ್ಟೇ ಇತ್ತು. ಆಕೆಯ ಹೆಸರು ಫ್ರಾನ್ಸಿಸ್ ಟೇಲರ್. ಡ್ಯಾನ್ಸರ್. 1957ರಲ್ಲಿ ಬ್ರಾಡ್‌ವೇನಲ್ಲಿ 'ವೆಸ್ಟ್ ಸೈಡ್ ಸ್ಟೋರಿ' ಅನ್ನುವ ಸಂಗೀತ ನಾಟಕ ಶುರುವಾದಾಗ ಅದರಲ್ಲಿದ್ದವಳು, ಮೈಲ್ಸ್ ಅವಳಿಂದ ಆ ಕೆಲಸ ಬಿಡಿಸಿದ. 1961ರಲ್ಲಿ ಬಂದ 'ಸಮ್‌ಡೇ ಮೈ ಪ್ರಿನ್ಸ್ ವಿಲ್ ಕಮ್' ಆಲ್ಬಂನ ಕವರ್ ಮೇಲೆ ಇರುವ ಮುಖ ಅವಳದ್ದೇ. ಕೊನೆಗೆ ಅವನನ್ನು ಬಿಟ್ಟು ಹೋದಳು. ಹೊಡೆದದ್ದನ್ನು ಅವನೇ 1989ರ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಬರೆದ ಅಂತ ಅದೇನು ಹಗುರವಾಗುವುದಿಲ್ಲ. ಆ ಕವರನ್ನು ಒಂದು ಸಲ ನೋಡು, ಅಷ್ಟೇ ಹೇಳೋದು. ಬಲವಂತವಿಲ್ಲ.

ಒಳ್ಳೊಳ್ಳೆ 500 ಆಲ್ಬಂಗಳ ಆ ಪಟ್ಟಿಯನ್ನು ದಿನಕ್ಕೊಂದರಂತೆ ಮುಗಿಸುತ್ತಿದ್ದೀಯಲ್ಲ, ನನಗೆ ಅದೇ ಜಾಸ್ತಿ ಯೋಚನೆ. ಇವತ್ತು ಒಬ್ಬನ ವಿಷಯ ಓದಿ ಮನಸ್ಸು ಕಹಿಯಾಗುತ್ತದೆ, ನಾಳೆ ಇನ್ನೊಂದು ಆಲ್ಬಂ, ಇನ್ನೊಬ್ಬನ ಕಥೆ. ನಮಗೂ ಹಾಗೇ ಆಗಿತ್ತು, ಈ ವರ್ಣ ಮುಗಿದರೆ ಮುಂದಿನದು ಕಾದಿರುತ್ತಿತ್ತು. ಬೇಜಾರಾದ ದಿನ ಪಟ್ಟಿಯನ್ನು ಅಲ್ಲಿಗೇ ನಿಲ್ಲಿಸಿದರೆ ಏನಾಗುತ್ತದೆ? ಹಾಗಂತ ನೀನು ನನಗಿಂತ ಚೆನ್ನಾಗಿ ಬಲ್ಲವಳು, ಸುಮ್ನೆ ಹೇಳಿದೆ.

ಅದೇ ಪಟ್ಟಿಯಲ್ಲಿ ಫಿಲ್ ಸ್ಪೆಕ್ಟರ್ ಕೂಡ ಸಿಗುತ್ತಾನೆ. 1963ರ 'ಬಿ ಮೈ ಬೇಬಿ' ಹಾಡು ಮಾಡಿಸಿದವನು. ಹಾಲ್ ಬ್ಲೇನ್‌ನ ಡ್ರಮ್ಸ್ ಬಿದ್ದ ಕೂಡಲೇ ಮೈ ಜುಮ್ ಅನ್ನುತ್ತದೆ. ಹಾಡಿದ ರಾನಿಯನ್ನು ಮದುವೆಯಾಗಿ ಮನೆಯೊಳಗೇ ಕೂಡಿಹಾಕಿದ, 1972ರಲ್ಲಿ ಅವಳು ಬರಿಗಾಲಲ್ಲಿ ತಪ್ಪಿಸಿಕೊಂಡು ಹೋದಳು. ಇನ್ನೊಬ್ಬ ಹೆಂಗಸನ್ನು, ಲಾನಾ ಕ್ಲಾರ್ಕ್‌ಸನ್‌ಳನ್ನು, ಕೊಂದದ್ದಕ್ಕೆ 2009ರಲ್ಲಿ ಅವನಿಗೆ ಶಿಕ್ಷೆಯಾಯಿತು, 2021ರಲ್ಲಿ ಕೈದಿಯಾಗಿಯೇ ಸತ್ತ. ಆದರೆ ರಾನಿ ಆ ಹಾಡನ್ನು ಬಿಡಲಿಲ್ಲ ಪುಟ್ಟಿ, ವರ್ಷಗಟ್ಟಲೆ ಸ್ಟೇಜ್ ಮೇಲೆ ಹಾಡಿದಳು. ಅವನ ಮೇಲಿನ ಸಿಟ್ಟಿಗೆ ನಾವು ಅದನ್ನು ಎಸೆದರೆ ಅವಳ ದನಿಯನ್ನೂ ಎಸೆದ ಹಾಗಲ್ವಾ? ಕಲೆ ಬೇರೆ, ಕಲಾವಿದ ಬೇರೆ ಅಂತ ಒಂದೇ ಮಾತಿನಲ್ಲಿ ಹೇಳಿಬಿಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಆ ದನಿಯನ್ನು ಯಾರಿಂದ ಬೇರೆ ಮಾಡುವುದು?

ಬದುಕಿರುವವರದ್ದು ಬೇರೆ ಲೆಕ್ಕ. ನಾವು ಪ್ಲೇ ಒತ್ತಿದರೆ ಅವರಿಗೆ ಒಂದಷ್ಟು ದುಡ್ಡು ಹೋಗಬಹುದು. ಅಂಥ ಕಡೆ ನಾನಾದರೆ ಕೇಳುವುದಿಲ್ಲ. ನೀನು ಏನು ಮಾಡುತ್ತೀಯೋ ನಿನಗೆ ಬಿಟ್ಟದ್ದು.

ಒಂದು ಮಾತು ಹೇಳದೆ ಇರಲಾರೆ. ಹೋದ ಬೇಜಾರು ನನಗೆ ವಾಪಸ್ ಬಂತು. ಮದುವೆಯಾಗಿ ನನ್ನದೇ ಒಂದು ಅಡುಗೆಮನೆ ಆದ ಮೇಲೆ, ರೇಡಿಯೋದಲ್ಲಿ ಯಾರೋ ತೋಡಿ ನುಡಿಸುತ್ತಿದ್ದರು, ನಾನು ಒಲೆ ಆರಿಸಿ ಕೂತುಬಿಟ್ಟೆ. ತೋಡಿ ಅಷ್ಟೇ ಚೆನ್ನಾಗಿತ್ತು. ಆ ಕೈಯೂ ಕಣ್ಣ ಮುಂದೆ ಇತ್ತು. ಆವತ್ತಿನಿಂದ ಎರಡೂ ಒಟ್ಟಿಗೇ ಬರುತ್ತವೆ, ನಾನು ರೇಡಿಯೋ ಆರಿಸುವುದಿಲ್ಲ. ನಿನಗೆ ಈಗಲೇ ಎರಡೂ ಒಟ್ಟಿಗೆ ಬರುತ್ತಿವೆ, ಈ ವಯಸ್ಸಿಗೇ.

ಒಂದು ವೇಳೆ ಏನೂ ಅನ್ನಿಸದೆ ಹೋದರೆ, ಎಷ್ಟು ಹೊತ್ತಾದರೂ ಸರಿ ಫೋನ್ ಮಾಡು. ದೊಡ್ಡಪ್ಪ ಮಲಗಿದ್ದರೆ ನಾನು ಹೊರಗೆ ಬಂದು ಮಾತಾಡುತ್ತೇನೆ.

ನಿನ್ನ ದೊಡ್ಡಮ್ಮ