ಮಗಳಿಗೊಂದು ಪತ್ರ: ಬಸ್ಸು ಹತ್ತುವ ಮೊದಲು ಓದು

ಶಿಕಾಗೋ
ಆಗಸ್ಟ್ 10, 2025

ಪ್ರೀತಿಯ ಕೂಸೇ,

ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ನಿಮ್ಮ ಯಹೂದಿ ಮಕ್ಕಳ ಬೇಸಿಗೆ ಕ್ಯಾಂಪಿನಲ್ಲಿ ಅಳು ಶುರುವಾಗಿರುತ್ತದೆ. ಕೊನೆಯ ವಾರ ಅಂದರೆ ಹಾಗೇ ಅಂತೆ. ನಿನ್ನಪ್ಪನೂ ವಿಸ್ಕಾನ್ಸಿನ್‌ನ ಕೆರೆ ದಂಡೆಯಲ್ಲೇ ಬೇಸಿಗೆ ಕಳೆದವನು. ಆ ಮಾತು ಬಂದರೆ ಈಗಲೂ ಅವನಿಗೆ ಗಂಟಲು ಕಟ್ಟುತ್ತದೆ. ನಿಧಾನಕ್ಕೆ ಓದು. ಕನ್ನಡ ಕಷ್ಟ ಅಂತ ಅರ್ಧಕ್ಕೆ ಬಿಡಬೇಡ. ಚಳಿಗಾಲದ ಭಾನುವಾರಗಳಲ್ಲಿ ಹಿಮ ಕೆರೆದು ಕಾರು ತೆಗೆದು ನಿನ್ನನ್ನು ಕನ್ನಡ ಕ್ಲಾಸಿಗೆ ಬಿಟ್ಟವಳು ನಾನು!

ನಿಮ್ಮ ಕ್ಯಾಂಪಿನವರು ರಾತ್ರಿ ಹಾಕುವ ನೂರಾರು ಫೋಟೋಗಳಲ್ಲಿ ನಿನ್ನನ್ನು ಹುಡುಕುವುದೇ ನನಗೊಂದು ಕೆಲಸ. ಎಷ್ಟೋ ಸಲ ಬರೀ ಮೊಣಕೈ ಸಿಗುತ್ತದೆ. ಗಾಗಾ ಅನ್ನುವ ಚೆಂಡಾಟ ಆಡುವ ಆ ಎಂಟು ಮೂಲೆಯ ಕಟ್ಟೆಯೊಳಗೆ ಎದ್ದ ಧೂಳಿನಲ್ಲಿ ಯಾರು ಯಾರೆಂದೇ ಗೊತ್ತಾಗುವುದಿಲ್ಲ. ಶುಕ್ರವಾರದ ಫೋಟೋದಲ್ಲಿ ಮಾತ್ರ ಚೆನ್ನಾಗಿ ಸಿಕ್ಕಿದೆ. ಎಲ್ಲರೂ ಬಿಳಿ ಬಟ್ಟೆ ಹಾಕಿ, ಒಬ್ಬರ ಹೆಗಲಿಗೊಬ್ಬರು ಕೈ ಹಾಕಿ ನೀರಿನ ಹತ್ತಿರ ನಿಂತಿದ್ದೀರಿ. ನಿನ್ನ ಕೂದಲು ಇನ್ನೂ ಒದ್ದೆ. ಅಂಗಿಯ ಗುಂಡಿ ಒಂದು ಮೇಲೆ, ಒಂದು ಕೆಳಗೆ. ಕೆರೆಯಿಂದ ಓಡಿ ಬಂದು ವಾರದ ವಿಶ್ರಾಂತಿ ದಿನದ, ಶಬ್ಬಾತ್‌ನ, ಪ್ರಾರ್ಥನೆಗೆ ನಿಂತೆ ಅಲ್ವಾ?

ತಿಂಡಿ ಕಳಿಸುವ ಹಾಗಿಲ್ಲ ಅನ್ನುವ ನಿಮ್ಮ ನಿಯಮದ ಮೇಲೆ ನನಗೆ ಸಿಟ್ಟಿದೆ. ಚಕ್ಕುಲಿ ಡಬ್ಬಿ ಇಲ್ಲೇ ಕೂತಿದೆ. ಆದರೆ ಏಲಕ್ಕಿ ತಿಂಡಿಯಲ್ಲ ಎಂದು ನಾನೇ ತೀರ್ಮಾನ ಮಾಡಿ, ಶಿರಸಿಯಿಂದ ಅಮ್ಮಮ್ಮ ಕಳಿಸಿದ್ದರಲ್ಲೇ ಒಂದು ಹಿಡಿ ಪೊಟ್ಟಣ ಕಟ್ಟಿದ್ದು. ಶನಿವಾರ ರಾತ್ರಿ ಶಬ್ಬಾತ್ ಮುಗಿಸುವ ಹವ್ದಾಲಾಕ್ಕೆ ಲವಂಗ, ಚಕ್ಕೆ ಇಟ್ಟ ಮಸಾಲೆ ಡಬ್ಬಿಯನ್ನು ಕೈಯಿಂದ ಕೈಗೆ ದಾಟಿಸಿ ಮೂಸುತ್ತೀರಲ್ಲ, ಅದರಲ್ಲಿ ನಮ್ಮ ಏಲಕ್ಕಿಯನ್ನೂ ಹಾಕಿದೆ ಎಂದು ನೀನು ಬರೆದಿದ್ದೆ. ಒಬ್ಬ ಚಿಕ್ಕ ಹುಡುಗ ಡಬ್ಬಿ ಮುಂದೆ ಕೊಡದೆ ಮೂಗಿಗೆ ಹಿಡಿದೇ ಕೂತನಂತೆ. ಫೋನಿನಲ್ಲಿ ನಾನು ಅಮ್ಮಮ್ಮನಿಗೆ ಹೇಳಿದೆ. ಹೆಣೆದ ಮೇಣದಬತ್ತಿಯನ್ನು ದ್ರಾಕ್ಷಿ ರಸದಲ್ಲಿ ಅದ್ದಿ ಆರಿಸುತ್ತಾರೆ ಎಂದಾಗ ಅವಳಿಗೆ ಅಷ್ಟು ಹಿಡಿಸಲಿಲ್ಲ. ದೀಪ ಆರಿಸುವುದು ಅವಳಿಗೆ ಆಗದು. ಏಲಕ್ಕಿ ಸುದ್ದಿಯನ್ನು ಮಾತ್ರ ಕೇರಿಯವರಿಗೆಲ್ಲ ಹೇಳಿ ಬಂದಳಂತೆ.

ಮಾಂಸದ ಊಟದ ದಿನ ಮೇಜಿನ ಮೇಲೆ ಮೊಸರು ಬರುವುದಿಲ್ಲ, ನನಗೆ ಬರೀ ಬೀನ್ಸು ಅನ್ನ ಎಂದು ನೀನು ಗೊಣಗಿದ್ದೆ. ಯಹೂದಿಗಳ ಊಟದ ಕಟ್ಟಳೆ, ಕೋಷರ್, ಅಂದರೆ ಹಾಗೇ. ಹಾಲಿನ ಪಾತ್ರೆ ಬೇರೆ, ಮಾಂಸದ ಪಾತ್ರೆ ಬೇರೆ. ಅಮ್ಮಮ್ಮನ ಮಡಿಯ ಅಡುಗೆಮನೆಯಲ್ಲಿ ಬೈಸಿಕೊಂಡು ಬೆಳೆದ ನನಗೆ ಅದೇನೂ ಹೊಸದಲ್ಲ.

ಈಗ ನೀನು ಹಿಂದಿನ ಕಾಗದದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದ ವಿಷಯ. ನಿನ್ನ ಕ್ಯಾಬಿನ್ನಿನ ಹುಡುಗಿ, ತಾಯಿ ಯಹೂದಿ ಅಲ್ಲದಿದ್ದರೆ ನೀನೂ ಅಲ್ಲ ಎಂದಳಂತೆ. ನೀನು ಜಗಳ ಆಡಲಿಲ್ಲ, ಸುಮ್ನೆ ಹೋಗಿ ಹಲ್ಲುಜ್ಜಿ ಮಲಗಿದೆ. ಓದಿ ನನಗೆ ಅವತ್ತು ಅಡುಗೆಯೇ ಬೇಡವಾಯಿತು.

ಅವಳು ಸುಳ್ಳು ಹೇಳಿಲ್ಲ, ಅವಳ ಮನೆಯ ಲೆಕ್ಕ ಹೇಳಿದಳು. ಆರ್ಥೊಡಾಕ್ಸ್ ಮತ್ತು ಕನ್ಸರ್ವೇಟಿವ್ ಪಂಥದವರು ಈಗಲೂ ತಾಯಿಯನ್ನೇ ನೋಡುತ್ತಾರೆ. ನಿನ್ನಪ್ಪನ ಮನೆಯವರು ರಿಫಾರ್ಮ್ ಪಂಥದವರು. ಅಮೆರಿಕದ ಅವರ ಧರ್ಮಗುರುಗಳು, ರಬ್ಬಿಗಳು, 1983ರಲ್ಲೇ, ತಂದೆ ತಾಯಿ ಇಬ್ಬರಲ್ಲಿ ಯಾರು ಯಹೂದಿಯಾದರೂ ಸಾಕು, ಆದರೆ ಮಗು ಯಹೂದಿಯಾಗಿಯೇ ಬೆಳೆದಿರಬೇಕು ಎಂದು ತೀರ್ಮಾನಿಸಿದರು. ನೀನು ಹಾಗೇ ಬೆಳೆದೆ. ಧರ್ಮದ ಹೊಣೆ ಹೊರುವ ವಯಸ್ಸಿನ ಬಾತ್ ಮಿಟ್ಸ್ವಾ ದಿನ ಧರ್ಮಗ್ರಂಥ ತೋರಾ ಓದುವಾಗ ನಿನ್ನ ಕಾಲು ನಡುಗುತ್ತಿತ್ತು, ಸ್ವರ ನಡುಗಲಿಲ್ಲ.

ತಮಾಷೆ ನೋಡು. ಅಲ್ಲಿ ತಾಯಿ ಯಾರು ಎಂದು ಕೇಳುತ್ತಾರೆ. ಶಿರಸಿಗೆ ಹೋದರೆ ಪುರೋಹಿತರು ಸಂಕಲ್ಪಕ್ಕೆ ಕೂತು ತಂದೆಯ ಗೋತ್ರ ಯಾವುದು ಎಂದು ಕೇಳುತ್ತಾರೆ. ಎರಡು ಕಡೆಯೂ ನಿನ್ನ ಹತ್ತಿರ ಇಲ್ಲದ್ದನ್ನೇ ಕೇಳುತ್ತಾರೆ! ಇನ್ಯಾರಾದರೂ ಕೆದಕಿದರೆ ಉತ್ತರ ಕೊಡಲೇಬೇಕೆಂದಿಲ್ಲ. ಊಟವಾದ ಮೇಲೆ ಮೇಜು ಗುದ್ದಿ ಬಿರ್ಕತ್ ಪ್ರಾರ್ಥನೆ ಹಾಡುವಾಗ ಎಲ್ಲರಿಗಿಂತ ಜೋರಾಗಿ ಗುದ್ದುವವಳು ನೀನು. ಅಂಗೈ ಕೆಂಪಾದ ಫೋಟೋ ನನ್ನ ಹತ್ತಿರ ಇದೆ. ಆ ಹುಡುಗಿಯ ಸ್ನೇಹವನ್ನೂ ಬಿಡಬೇಡ. ನಿನ್ನ ಹಾಸಿಗೆಯ ಮೇಲಿನ ಮಂಚದಲ್ಲಿ ಮಲಗುವವಳು, ಪಾಪ, ಕೇಳಿದ್ದನ್ನು ಹೇಳಿದ್ದಾಳೆ.

ನಿನ್ನ ಅಜ್ಜನ ಅಪ್ಪ ನ್ಯೂಯಾರ್ಕಿನ ಲೋವರ್ ಈಸ್ಟ್ ಸೈಡಿನ ಇಕ್ಕಟ್ಟಿನ ಕೋಣೆಯಲ್ಲಿ ಬೆಳೆದವರು. ಅಂಥ ಮನೆಗಳ ಯಹೂದಿ ಹುಡುಗರಿಗೆ ಒಂದಿಷ್ಟು ಗಾಳಿ ಬೆಳಕು ಸಿಗಲಿ ಎಂದು ನ್ಯೂಯಾರ್ಕ್ ರಾಜ್ಯದ ಕೋಲ್ಡ್ ಸ್ಪ್ರಿಂಗ್‌ನಲ್ಲಿ 1902ರಲ್ಲಿ ಸರ್ಪ್ರೈಸ್ ಲೇಕ್ ಕ್ಯಾಂಪ್ ಶುರುವಾಯಿತು. ಆ ಕಾಲಕ್ಕೆ ಎಷ್ಟೋ ಹೋಟೆಲು, ಕ್ಯಾಂಪುಗಳು ಯಹೂದಿಗಳನ್ನು ಒಳಗೇ ಬಿಡುತ್ತಿರಲಿಲ್ಲ. ಯುರೋಪಿನಲ್ಲಿ ನಾಜಿಗಳು ಅಷ್ಟು ಯಹೂದಿಗಳನ್ನು ಕೊಂದ ಮೇಲೆ, ಉಳಿದ ಮಕ್ಕಳು ತಮ್ಮತನ ಮರೆಯಬಾರದು ಎಂಬ ಹೆದರಿಕೆ ಜಾಸ್ತಿಯಾಯಿತು. 1947ರಲ್ಲಿ ವಿಸ್ಕಾನ್ಸಿನ್‌ನಲ್ಲೇ ಕನ್ಸರ್ವೇಟಿವ್ ಪಂಥದ ಮೊದಲ ರಾಮಾ ಕ್ಯಾಂಪ್ ತೆರೆಯಿತು, 1952ರಲ್ಲಿ ಒಕೊನೊಮೊವಾಕ್‌ನಲ್ಲಿ ರಿಫಾರ್ಮ್‌ನವರದ್ದು. ಇದನ್ನೆಲ್ಲ ಓದಿದಾಗ ನನಗೆ ಹೊಟ್ಟೆಕಿಚ್ಚಾಯಿತು. ನಾವು ಕನ್ನಡದವರು ವಾರಕ್ಕೊಮ್ಮೆ ಬೆಂಚಿನ ಮೇಲೆ ಕೂರಿಸಿ ಕಾಗುಣಿತ ಹೇಳಿಸುತ್ತೇವೆ. ಅವರು ಮಕ್ಕಳನ್ನು ಕೆರೆಗೆ ಬಿಟ್ಟು, ಒಟ್ಟಿಗೆ ಉಣ್ಣಿಸಿ, ಒಟ್ಟಿಗೆ ಹಾಡಿಸಿ ಕಲಿಸುತ್ತಾರೆ. ಊಟದ ಮನೆಗೆ ಹದರ್ ಓಖೆಲ್ ಅನ್ನಲು ನಿನಗೆ ಯಾರೂ ಪರೀಕ್ಷೆ ಕೊಟ್ಟಿಲ್ಲ.

ಹೋದ ವಾರ, ಆಗಸ್ಟ್ 2ರ ಶನಿವಾರ ರಾತ್ರಿ, ಶೋಕದ ದಿನವಾದ ತಿಶಾ ಬಆವ್‌ಗೆ ನೆಲದ ಮೇಲೆ ಕೂತು ಟಾರ್ಚ್ ಬೆಳಕಿನಲ್ಲಿ ಶೋಕಗೀತೆ ಓದಿದಿರಿ ಎಂದು ಕ್ಯಾಂಪಿನವರು ಬರೆದಿದ್ದರು. ಎರಡು ಸಾವಿರ ವರ್ಷದ ಹಿಂದೆ ಸುಟ್ಟುಹೋದ ಜೆರುಸಲೇಮಿನ ದೇವಾಲಯಕ್ಕೆ ಮಕ್ಕಳು ಇವತ್ತೂ ಉಪವಾಸ ಇರುವುದು ಸಣ್ಣ ಮಾತಲ್ಲ. ನೀನು ಉಪವಾಸ ಮಾಡಿದೆಯಾ? ನೀರು ಕುಡಿದೆಯಾ? ಇದಕ್ಕೆ ಮಾತ್ರ ಉತ್ತರ ಬೇಕು.

ಇನ್ನು ಉಳಿದದ್ದು ಬಣ್ಣದ ತಂಡಗಳ ಪಂದ್ಯ, ಗೋಡೆಗೆ ಹಾಕುವ ನಿಮ್ಮ ಕ್ಯಾಬಿನ್ನಿನ ಹಲಗೆ, ಕೆರೆ ದಂಡೆಯಲ್ಲಿ ಇಸವಿಯ ಅಂಕಿಗೆ ಬೆಂಕಿ ಹಚ್ಚುವುದು. ಚೆನ್ನಾಗಿ ಅತ್ತುಬಿಡು. ಮನೆಗೆ ಬಂದ ಮೇಲೆ ಒಂದು ವಾರ ನಮ್ಮ ಮೇಜನ್ನೂ ಗುದ್ದು, ಪರವಾಗಿಲ್ಲ. ಗಾಜಿನ ಲೋಟ ಮಾತ್ರ ತೆಗೆದಿಡುತ್ತೇನೆ.

ಮುಂದಿನ ವರ್ಷ ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವ ತರಬೇತಿಗೆ ಹೋಗಲಾ ಎಂದು ಕೇಳಿದ್ದೆ. ಹೋಗು. ಮಳೆಗಾಲದಲ್ಲಿ ಮೊಮ್ಮಗಳು ಬರುವುದಿಲ್ಲವಾ ಎಂದು ಅಮ್ಮಮ್ಮ ಮುನಿಸಿಕೊಂಡಿದ್ದಾಳೆ. ಡಿಸೆಂಬರ್‌ನಲ್ಲಿ ಕೊನೆಕೊಯ್ಲಿಗೆ ಕರೆತರುತ್ತೇನೆ ಎಂದು ಒಪ್ಪಿಸಿದ್ದೇನೆ. ಅಡಿಕೆ ಸುಲಿಯಲು ಕೂರುವ ಹೆಂಗಸರ ಹತ್ತಿರ ಕ್ಯಾಂಪಿನ ಕತೆ ಹೇಳುವೆಯಂತೆ, ಕನ್ನಡದಲ್ಲೇ.

ಶಾಂಪೂ ಬಾಟಲಿಯ ಮುಚ್ಚಳ ಬಿಗಿ ಮಾಡು. ಒದ್ದೆ ಟವೆಲನ್ನು ಬ್ಯಾಗಿನ ತಳಕ್ಕೆ ತುರುಕಬೇಡ. ಇನ್ನೊಬ್ಬರ ಒಂಟಿ ಕಾಲುಚೀಲ ಬಂದರೆ ಈ ಸಲ ನಾನು ಪೋಸ್ಟ್ ಮಾಡುವುದಿಲ್ಲ, ನೀನೇ ಮಾಡಬೇಕು.

ನಿನ್ನ
ಆಯಿ