ಬೆಟ್ಟದ ಅರ್ಥ ಕೇಳುವ ಮೊದಲು

ಬದಿಯಡ್ಕ

ಪ್ರೀತಿಯ ತಂಗೀ,

ನಿನ್ನ ಕಾಗದವೂ ಕತೆಯೂ ಒಟ್ಟಿಗೇ ಕೈಸೇರಿದವು. ಕತೆಯ ಮಾತು ಆಮೇಲೆ. ಮೊದಲು ಫ್ರೆಂಚ್ ಲೇಖಕ ರೆನೆ ದೋಮಾಲನ ‘ಮೌಂಟ್ ಅನಲಾಗ್’ ಕಾದಂಬರಿಯ ಬಗ್ಗೆ ನೀನು ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ. “ಪೂರ್ತಿ ಓದಿದೆ ಅಕ್ಕ, ಆದರೆ ಆ ಬೆಟ್ಟ ಅಂದರೆ ಏನು ಅಂತಲೇ ಗೊತ್ತಾಗಲಿಲ್ಲ” ಎಂದು ಬರೆದಿದ್ದೀಯ. ಹಡಗು ಅಂದರೆ ದೇಹ, ಮಾರ್ಗದರ್ಶಿ ಅಂದರೆ ಗುರು, ಶಿಖರ ಅಂದರೆ ಮೋಕ್ಷ ಎಂದು ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿದ್ದನ್ನೂ ಹೇಳಿದ್ದೀಯ. ಆ ಗುರುತುಗಳನ್ನು ಅಳಿಸಿಬಿಡು. ಅವು ತಪ್ಪೆಂದು ಹೇಳುತ್ತಿಲ್ಲ, ತೀರಾ ಬೇಗ ಹಾಕಿದ್ದೀಯ. ಶಿಖರ ಅಂದರೆ ಮೋಕ್ಷ ಎಂದು ಮೊದಲ ಅಧ್ಯಾಯದಲ್ಲೇ ಬರೆದಿಟ್ಟುಕೊಂಡರೆ ಆಮೇಲೆ ಹತ್ತುವುದಕ್ಕೆ ಏನು ಉಳಿಯಿತು?

ಕತೆ ಶುರುವಾಗುವುದೇ ಹೇಗೆ ಎಂಬುದನ್ನು ನೆನಪಿಸಿಕೋ. ನಿರೂಪಕ ಒಂದು ಪತ್ರಿಕೆಯಲ್ಲಿ ಪುರಾಣಗಳ ಬೆಟ್ಟಗಳ ಬಗ್ಗೆ ಲೇಖನ ಬರೆದಿರುತ್ತಾನೆ. ಭೂಮಿಗೂ ಆಕಾಶಕ್ಕೂ ಸೇತುವೆಯಾದ ಒಂದು ಬೆಟ್ಟ ಇರಲೇಬೇಕು ಎಂಬ ಕಲ್ಪನೆ ಅದು, ಅವನಿಗೇ ಅದರಲ್ಲಿ ಪೂರ್ತಿ ನಂಬಿಕೆಯಿಲ್ಲ. ಸೊಗೋಲ್ ಎಂಬ ಓದುಗ ಅದನ್ನು ಅಕ್ಷರಶಃ ನಂಬಿ, ಹಾಗಾದರೆ ಹೊರಡೋಣ ಎಂದು ಕಾಗದ ಹಾಕುತ್ತಾನೆ. ಲೇಖಕ ಸಂಕೇತವೆಂದು ಬರೆದದ್ದನ್ನು ಓದುಗ ಊರಿನ ದಾರಿಯೆಂದು ಓದಿದ. ಅಷ್ಟರಿಂದಲೇ ಇಡೀ ಯಾತ್ರೆ ಹುಟ್ಟಿತು. ಈ ಕಿರುಕಾದಂಬರಿಯನ್ನು ಹೇಗೆ ಓದಬೇಕೆಂದು ನನ್ನನ್ನು ಕೇಳುವುದೇ ಬೇಡ, ಸೊಗೋಲನನ್ನು ಕೇಳು.

ಅವನಂತೆ ಓದುವುದೆಂದರೆ ಹೆಜ್ಜೆಹೆಜ್ಜೆಗೂ ಲೆಕ್ಕ ಇಡುವುದು. ಯಾರು ಹೊರಟರು, ಏನು ಹೊತ್ತರು, ಎಲ್ಲಿ ತಂಗಿದರು, ಯಾವುದಕ್ಕೆ ಏನು ತೆತ್ತರು. ಬರುತ್ತೇವೆ ಎಂದವರಲ್ಲಿ ನಾಲ್ವರು ಒಂದೊಂದು ನೆಪ ಬರೆದು ಹಿಂದೆ ಸರಿಯುತ್ತಾರೆ. ಉಳಿದ ಎಂಟು ಜನ ‘ಇಂಪಾಸಿಬಲ್’ ಎಂಬ ಹಡಗು ಹತ್ತುತ್ತಾರೆ. ಬೆಟ್ಟದ ಸುತ್ತಲಿನ ಜಾಗವೇ ಬಾಗಿರುವುದರಿಂದ ಬೆಳಕೂ ಹಡಗೂ ಅದನ್ನು ಬಳಸಿ ಹೋಗುತ್ತವೆ, ಸೂರ್ಯ ಮುಳುಗುವ ಹೊತ್ತಿನಲ್ಲಿ ಮಾತ್ರ ಒಳಗೆ ದಾರಿ ತೆರೆಯುತ್ತದೆ. ಇಷ್ಟು ದೊಡ್ಡ ಅಸಂಭವವನ್ನು ಹೇಳುವಾಗಲೇ ದೋಮಾಲ್ ಇನ್ನೊಂದು ಕಡೆ ಸಾಮಾನಿನ ಪಟ್ಟಿ ಬಿಚ್ಚುತ್ತಾನೆ. ಹೊತ್ತುಕೊಂಡು ಹೋಗಬಹುದಾದ ಒಂದು ಕೈತೋಟ ಇದೆ, ಗಮನಿಸಿದೆಯಾ? ಅಭ್ರಕದ ಪೆಟ್ಟಿಗೆ, ಅದರಲ್ಲಿ ಕೃತಕ ಮಣ್ಣು, ಬೇಗ ಬೆಳೆಯುವ ಬೀಜ, ತೂಕ 500 ಗ್ರಾಂ. ಎರಡು ದಿನಕ್ಕೊಮ್ಮೆ ಒಬ್ಬನ ಊಟಕ್ಕೆ ಸಾಕಾಗುವಷ್ಟು ಹಸಿರು ತರಕಾರಿ. ನೀನು ಅಂಚಿನಲ್ಲಿ ಗುರುತು ಹಾಕಬೇಕಾದದ್ದು ಇಲ್ಲಿ. ಬಾಗಿದ ಜಾಗವನ್ನು ನಾನು ನಂಬುವುದು ಈ ಪೆಟ್ಟಿಗೆಯ ತೂಕ ಗೊತ್ತಾದ ಮೇಲೆಯೇ.

ದೋಮಾಲ್ ನಮಗೆ ಅಷ್ಟೇನೂ ಪರಕೀಯನಲ್ಲ. ಹುಡುಗನಾಗಿದ್ದಾಗಲೇ ತಾನೇ ಸಂಸ್ಕೃತ ಕಲಿತವನು. 1932ರಲ್ಲಿ ಉದಯಶಂಕರರ ನೃತ್ಯ ತಂಡದ ಪ್ರಚಾರದ ಕೆಲಸ ವಹಿಸಿಕೊಂಡು ಅವರ ಜೊತೆ ಅಮೆರಿಕಕ್ಕೆ ಹೋದವನು. ರಸದ ಬಗ್ಗೆ, ಧ್ವನಿಯ ಬಗ್ಗೆ, ಅಂದರೆ ಮಾತಿನಾಚೆ ಹೊಳೆಯುವ ಅರ್ಥದ ಬಗ್ಗೆ, ಶ್ರದ್ಧೆಯಿಂದ ಬರೆದವನು. ಧ್ವನಿಯನ್ನು ಕಾಲೇಜಿನಲ್ಲಿ ಪರೀಕ್ಷೆಗೆಂದು ಓದಿದ್ದೀಯ, ಈಗ ಅದನ್ನು ಕೆಲಸಕ್ಕೆ ಹಚ್ಚು. ‘ಧ್ವನ್ಯಾಲೋಕ’ ಬರೆದ ಆನಂದವರ್ಧನ ಏನು ಹೇಳುತ್ತಾನೆ? ಬೆಳಕು ಬೇಕಾದವನು ದೀಪದ ಕುಡಿಯನ್ನು ಜೋಪಾನ ಮಾಡುತ್ತಾನೆ, ಹಾಗೆಯೇ ವ್ಯಂಗ್ಯಾರ್ಥ, ಅಂದರೆ ಸೂಚಿತ ಅರ್ಥ, ಬೇಕಾದವನು ವಾಚ್ಯಾರ್ಥವನ್ನು, ಅಂದರೆ ಮಾತಿನ ನೇರ ಅರ್ಥವನ್ನು, ಆದರಿಸುತ್ತಾನೆ. ಹಡಗು ಮೊದಲು ಹಡಗಾಗಿಯೇ ತೇಲಬೇಕು.

ಆ ಎಂಟು ಜನ ಹೋಗಿ ಇಳಿಯುವ ಜಾಗದ ಹೆಸರು ಮಂಗಗಳ ಬಂದರು. ಅದನ್ನು ಓದಿದಾಗ ನನಗೆ ಕಿಷ್ಕಿಂಧಾಕಾಂಡ ನೆನಪಾಯಿತು. ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ಪದಗಳನ್ನು ಕೇಳುತ್ತಾ ಬೆಳೆದ ನಿನಗೂ ನೆನಪಾಗಬೇಕಿತ್ತು. ಬೆಟ್ಟ ಕಾಡುಗಳಲ್ಲಿ ಹುಡುಕುತ್ತ ಹೋಗುವ ವಿಚಿತ್ರ ಕತೆ ನಮಗೆ ಹೊಸದಲ್ಲ. ದಕ್ಷಿಣಕ್ಕೆ ಹೊರಟ ವಾನರರು ವಿಂಧ್ಯದಲ್ಲಿ ಅಲೆದು, ಬಾಯಾರಿ ಬಸವಳಿದು, ಒಂದು ಬಿಲದ ಬಾಯಿಗೆ ಬಂದು ನಿಲ್ಲುತ್ತಾರೆ. ಒಳಗೆ ಚಿನ್ನದ ಮರಗಳಿವೆ, ಮಯ ಕಟ್ಟಿದ ಮನೆಗಳಿವೆ, ಸ್ವಯಂಪ್ರಭೆ ಎಂಬ ತಪಸ್ವಿನಿ ಇದ್ದಾಳೆ. ಕಣ್ಣು ಮುಚ್ಚಿಸಿ ತೆರೆಸುವಷ್ಟರಲ್ಲಿ ಅವಳು ಎಲ್ಲರನ್ನೂ ಹೊರಗೆ ತಂದು ಬಿಡುತ್ತಾಳೆ. ಅಷ್ಟರಲ್ಲಿ ಸುಗ್ರೀವ ಕೊಟ್ಟ ಒಂದು ತಿಂಗಳ ಗಡುವು ಮುಗಿದುಹೋಗಿರುತ್ತದೆ. ಇದೆಲ್ಲ ನಂಬುವಂತಾಗುವುದು ಯಾವುದರಿಂದ? ವಾಲ್ಮೀಕಿ ಮೊದಲು ಆ ಬಿಲದಿಂದ ಹಕ್ಕಿಗಳನ್ನು ಹೊರಗೆ ಹಾರಿಸುತ್ತಾನೆ. ಅವುಗಳ ಮೈ ಒದ್ದೆ, ಮೈಗೆ ತಾವರೆಯ ಧೂಳು ಮೆತ್ತಿ ಕೆಂಪಾಗಿದೆ. ಒಳಗೆ ನೀರಿರಬೇಕು ಎಂದು ಹನುಮಂತ ಅದರಿಂದ ಊಹಿಸುತ್ತಾನೆ. ಆಮೇಲೆ ಅವರು ಒಬ್ಬರನ್ನೊಬ್ಬರು ಹಿಡಿದುಕೊಂಡು ಕತ್ತಲಲ್ಲಿ ನಡೆಯುತ್ತಾರೆ. ಚಿನ್ನದ ಮರ ಬರುವುದು ಅದರ ನಂತರ.

ಈಗ ನಿನ್ನ ಕತೆ. ಮನೆಯ ಹಿಂದಿನ ಸುರಂಗ ಹೊಕ್ಕ ಹುಡುಗಿ ಪೊಸಡಿಗುಂಪೆ ಬೆಟ್ಟದ ಹೊಟ್ಟೆಯೊಳಗಿನ ಒಂದು ಊರನ್ನು ತಲುಪುತ್ತಾಳೆ. ಒಳ್ಳೆಯ ಕಲ್ಪನೆ, ನನಗೆ ಬಹಳ ಹಿಡಿಸಿತು. ಆ ಊರನ್ನು ಬರೆಯಲು ನೀನು ಹನ್ನೊಂದು ಪುಟ ತೆಗೆದುಕೊಂಡಿದ್ದೀಯ. ಸುರಂಗಕ್ಕೆ ಒಂದೇ ವಾಕ್ಯ: “ಅವಳು ಸುರಂಗದೊಳಗೆ ಹೋದಳು.” ಬಾಯಾರು ಊರಿನವಳಾದ ನೀನು ಹೀಗೆ ಬರೆಯಬಹುದೇ? ಹೊರಗಿನ ಊರುಗಳ ಬರಹಗಾರರಿಗೆ ಸುರಂಗ ಎಂದರೆ ರೈಲು ಹೋಗುವ ದಾರಿ. ನೀರಿಗಾಗಿ ಗುಡ್ಡವನ್ನು ಅಡ್ಡಕ್ಕೆ ಕೊರೆಯುವುದು ನಮ್ಮ ಕಡೆಯ ಬದುಕು. ಪಿಕ್ಕಾಸು ಬೀಸಲು ಬೇಕಾದಷ್ಟೇ ಅಗಲ, ಬಗ್ಗಿ ನಡೆಯುವಷ್ಟೇ ಎತ್ತರ. ಮುರಕಲ್ಲಿನ ಗೋಡೆಯಲ್ಲಿ ಪಿಕ್ಕಾಸಿನ ಏಟುಗಳ ಗೆರೆ ಸಾಲುಸಾಲಾಗಿ ಉಳಿದಿರುತ್ತದೆ, ಕೈಯಾಡಿಸಿದರೆ ಬೆರಳಿಗೆ ಸಿಗುತ್ತದೆ. ನೀರು ತಾನಾಗಿ ಹೊರಗೆ ಹರಿದು ಬರಲೆಂದು ನೆಲವನ್ನು ಸ್ವಲ್ಪವೇ ಇಳಿಜಾರು ಮಾಡಿರುತ್ತಾರೆ, ಆದ್ದರಿಂದ ಒಳಹೋಗುವವಳು ಗೊತ್ತಾಗದಷ್ಟು ಮೆಲ್ಲನೆ ಮೇಲೇರುತ್ತಿರುತ್ತಾಳೆ. ಬೆಟ್ಟ ಹತ್ತುವ ಕತೆಗೆ ಇದಕ್ಕಿಂತ ಒಳ್ಳೆಯ ಏರು ನಿನಗೆ ಎಲ್ಲಿ ಸಿಗುತ್ತದೆ? ಕಾಲಡಿಯಲ್ಲಿ ತಣ್ಣನೆಯ ನೀರು, ತಲೆಯ ಮೇಲೆ ಬಾವಲಿ. ತೋಡುವವರು ಜೊತೆಗೆ ಮೇಣದಬತ್ತಿ ಇಟ್ಟುಕೊಳ್ಳುತ್ತಾರೆ. ಅದು ಮಂಕಾದರೆ ಗಾಳಿ ಸಾಲದು ಎಂದು ಹೊರಗೆ ಬರಬೇಕು. ನಿನ್ನ ಹುಡುಗಿಯ ಮೇಣದಬತ್ತಿ ಎಲ್ಲಿ ಮಂಕಾಯಿತು? ಅಲ್ಲಿಂದ ಮುಂದೆ ಅವಳು ಯಾಕೆ ಹೋದಳು? ಅದನ್ನು ಬರೆದರೆ ಒಳಗಿನ ಊರಿಗೆ ಹನ್ನೊಂದು ಪುಟ ಬೇಕಾಗಲಿಕ್ಕಿಲ್ಲ.

ಇನ್ನು, ಪುಸ್ತಕ ಅರ್ಧದಲ್ಲೇ ನಿಂತದ್ದಕ್ಕೆ ನಿನಗೆ ಬೇಸರ. ಬರೆದು ಮುಗಿಸುವ ಮೊದಲೇ, 1944ರಲ್ಲಿ, ಕ್ಷಯದಿಂದ ದೋಮಾಲ್ ತೀರಿಕೊಂಡ. ಆಗ ಅವನಿಗೆ 36 ವರ್ಷ. ಪುಸ್ತಕ ಅಚ್ಚಾದದ್ದು 1952ರಲ್ಲಿ. ಐದನೆಯ ಅಧ್ಯಾಯ ವಾಕ್ಯದ ನಡುವೆಯೇ ತುಂಡಾಗಿದೆ. ಎಲ್ಲಿ ತುಂಡಾಗಿದೆ ಎಂದು ಮತ್ತೊಮ್ಮೆ ನೋಡು. ಬೇಟೆ ನಿಷಿದ್ಧವಾದ ಎತ್ತರದಲ್ಲಿ ಹಸಿದವನೊಬ್ಬ ಒಂದು ಮುದಿ ಇಲಿಯನ್ನು ಕೊಲ್ಲುತ್ತಾನೆ. ಮುಪ್ಪಿನಿಂದಾಗಿ ಅದು ರೋಗ ಹಿಡಿದ ಕಣಜದ ಹುಳುಗಳನ್ನಷ್ಟೇ ಹಿಡಿದು ತಿನ್ನುತ್ತಿತ್ತು. ಅದು ಸತ್ತ ಮೇಲೆ ರೋಗ ಹಬ್ಬಿ ಹುಳುಗಳು ನಾಶವಾದವು, ಹೂಗಳಿಗೆ ಪರಾಗ ಮುಟ್ಟಿಸುವವರು ಇಲ್ಲವಾದರು. ಸಡಿಲ ಮಣ್ಣನ್ನು ಹಿಡಿದಿಡುವ ಗಿಡಗಳ ಮಾತು ಬರುತ್ತಿದ್ದಂತೆ ಬರವಣಿಗೆ ನಿಂತಿದೆ. ಸಾವಿನ ಹೊಸ್ತಿಲಲ್ಲಿದ್ದ ಮನುಷ್ಯ ಶಿಖರದ ಬಗ್ಗೆ ಬರೆಯುತ್ತಿರಲಿಲ್ಲ ತಂಗೀ. ಇಲಿ, ಹುಳು, ಗಿಡ, ಮಣ್ಣು ಇವುಗಳ ಸಂಬಂಧವನ್ನು ಒಂದೂ ಬಿಡದೆ ಹೇಳುತ್ತಿದ್ದ. ಆ ಭಾಗವನ್ನು ಗಟ್ಟಿಯಾಗಿ ಓದು, ಸಾಧ್ಯವಾದರೆ ನಿನ್ನ ಕನ್ನಡದಲ್ಲಿ ಬರೆದು ನೋಡು.

ಊರಿನ ಭಾಗವನ್ನು ಸದ್ಯಕ್ಕೆ ಮುಟ್ಟಬೇಡ. ಸುರಂಗದ್ದಷ್ಟನ್ನೇ ಹೊಸದಾಗಿ ಬರೆ. ಬರೆಯುವ ಮೊದಲು ನಿಮ್ಮ ತೋಟದ ಸುರಂಗ ತೋಡಿದವರು ಯಾರಾದರೂ ಈಗಲೂ ಇದ್ದರೆ ಹೋಗಿ ಮಾತಾಡಿಸು. ಎಲ್ಲಿ ನೀರು ಸಿಕ್ಕೀತೆಂದು ಗುಡ್ಡವನ್ನು ಹೊರಗಿನಿಂದ ನೋಡಿಯೇ ಹೇಗೆ ಅಂದಾಜು ಮಾಡಿದರು ಎಂದು ಕೇಳು. ಅವರು ತುಳುವಿನಲ್ಲಿ ಹೇಳಿದರೆ ತುಳುವಿನಲ್ಲೇ ಬರೆದುಕೋ. ಬರೆದದ್ದನ್ನು ಕಳಿಸು, ಎಷ್ಟೇ ಪುಟವಾದರೂ ಓದುತ್ತೇನೆ.

ಇತಿ,
ನಿನ್ನ ಅಕ್ಕ